ಮೀನಾಕಾರಿ ಬಟ್ಟಲಿನಲ್ಲಿ ಕೋಸಂಬರಿ ಹಾಕಿ ಕೊಡಬಹುದೇ?

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಜಯನಗರ 4ನೇ ಬ್ಲಾಕ್, ಗಾಂಧಿ ಬಜಾರ್‌ಗಳಲ್ಲಿ ತಾಂಬೂಲದ ಜೊತೆ ಕೊಡಲು ಬಣ್ಣಬಣ್ಣದ ಲೋಹದ ಬಟ್ಟಲುಗಳ ರಾಶಿ. ‘ಇದು ಎನಾಮಲ್, ಅಂದರೆ ಗಾಜು, ಏನು ಬೇಕಾದರೂ ಹಾಕಿಡಿ’ ಎನ್ನುವವರು ಒಂದು ಕಡೆ, ‘ಚೀನಾ ಬಣ್ಣವೆಲ್ಲ ವಿಷ’ ಎನ್ನುವವರು ಇನ್ನೊಂದು ಕಡೆ. ಎರಡೂ ಅರ್ಧಸತ್ಯ.

ಅಸಲಿ ಎನಾಮಲ್ ನಿಜಕ್ಕೂ ಗಾಜೇ. ಬಣ್ಣದ ಗಾಜಿನ ಪುಡಿಯನ್ನು ತಾಮ್ರದ ಮೇಲೆ ಬಳಿದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದು ಕರಗಿ ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಇದರ ಮೇಲೆ ಕುಂಚದಿಂದ ಚಿತ್ರ ಬರೆಯುವ ಯುರೋಪಿನ ವಿದ್ಯೆಯನ್ನು ಚೀನಾದ ಕುಶಲಕರ್ಮಿಗಳು 18ನೇ ಶತಮಾನದ ಆರಂಭದಲ್ಲಿ, ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ಕಲಿತರು. ಗ್ವಾಂಗ್‌ಝೌ ನಗರ ಅದಕ್ಕೆ ಹೆಸರಾಯಿತು. ತಮಾಷೆಯೆಂದರೆ, ಚೀನೀಯರು ಅದನ್ನು ಕರೆದದ್ದು ‘ವಿದೇಶಿ ಪಿಂಗಾಣಿ’ ಎಂದು! ಜೈಪುರದ ಮೀನಾಕಾರಿಯೂ ಬೆಂಕಿಯಲ್ಲಿ ಬೆಸೆದ ಗಾಜೇ.

ಆದರೆ ಗಾಜು ಬೇಗ ಕರಗಲಿ, ಚೆನ್ನಾಗಿ ಹೊಳೆಯಲಿ ಎಂದು ಸೀಸ ಬೆರೆಸುವುದು ಹಳೆಯ ರೂಢಿ. ಕೆಂಪು, ಹಳದಿ ಬಣ್ಣಗಳಿಗೆ ಕ್ಯಾಡ್ಮಿಯಂ ಬಳಸುವುದೂ ಉಂಟು. ನಿಂಬೆರಸ, ಹುಣಸೆ, ಮೊಸರಿನಂಥ ಹುಳಿ ಪದಾರ್ಥ ತಾಗಿದರೆ ಇವು ಆಹಾರಕ್ಕೆ ಇಳಿಯಬಹುದು. ಕೋಸಂಬರಿಗೆ ನಿಂಬೆಹಣ್ಣು ಹಿಂಡದೆ ಇರುತ್ತೇವೆಯೇ?

ಇನ್ನು ಅಗ್ಗದ ‘ಮೀನಾಕಾರಿ’ಗಳಲ್ಲಿ ಹಲವು ಗಾಜೇ ಅಲ್ಲ, ಬರೀ ಪೇಂಟ್ ಅಥವಾ ರೆಸಿನ್. ಗೃಹಬಳಕೆ ಮತ್ತು ಅಲಂಕಾರಿಕ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕೈಗಾರಿಕಾ ಪೇಂಟ್‌ಗೆ ಈ ಮಿತಿ ಇಲ್ಲ. ಬಟ್ಟಲಿಗೆ ಯಾವುದನ್ನು ಬಳಿದಿದ್ದಾರೆ ಎಂದು ನೋಡಿ ಹೇಳಲಾಗದು.

ಸೀಸಕ್ಕೆ ‘ಇಷ್ಟಾದರೆ ಪರವಾಗಿಲ್ಲ’ ಎನ್ನುವ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಹೆಚ್ಚು ಹಾನಿಕರ. ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಿದವರಲ್ಲಿ ಪ್ರಮುಖರು ನಮ್ಮದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್.

ಮ್ಯಾಗ್ನೆಟ್ ಪರೀಕ್ಷೆಯನ್ನು ನಂಬಬೇಡಿ. ಅದು ಒಳಗಿರುವುದು ಕಬ್ಬಿಣವೋ ತಾಮ್ರವೋ ಎಂದಷ್ಟೇ ಹೇಳುತ್ತದೆ. ನೇಲ್ ಪಾಲಿಶ್ ರಿಮೂವರ್ ಹಚ್ಚಿದ ಹತ್ತಿಗೆ ಬಣ್ಣ ಅಂಟಿದರೆ ಅದು ಪೇಂಟ್. ಅಂಟದಿದ್ದರೆ ಸುರಕ್ಷಿತ ಎಂದರ್ಥವಲ್ಲ, ಸೀಸ ಗೊತ್ತಾಗುವುದು ಲ್ಯಾಬ್‌ನಲ್ಲೇ.

ಮನೆಯಲ್ಲಿ ಈಗಾಗಲೇ ಇರುವ ಬಟ್ಟಲುಗಳನ್ನು ಬಿಸಾಡಬೇಕಿಲ್ಲ. ಕೀ, ಹೇರ್‌ಪಿನ್ ಹಾಕಿಡಿ. ಬಣ್ಣ ಉದುರುತ್ತಿದ್ದರೆ ಅಂಬೆಗಾಲಿಡುವ ಮಗುವಿನ ಕೈಗೆ ಸಿಗದಂತೆ ಎತ್ತಿಡಿ. ಕೋಸಂಬರಿಗೆ ಸ್ಟೀಲ್ ಬಟ್ಟಲೋ ದೊನ್ನೆಯೋ ಸಾಕು.