ಸುಡುವ ಮುಂಚೆ ಓದೋಣ



ದೊಡ್ಡಬಳ್ಳಾಪುರ, ದೇವನಹಳ್ಳಿಯ ಹಾಸ್ಟೆಲುಗಳಿಂದ ಮೈಸೂರಿಗೆ ಟೂರು ಹೋದರೆ ನಮಗೆ ಅರಮನೆ ತೋರಿಸ್ತಾರೆ, ಆನೆ ತೋರಿಸ್ತಾರೆ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯನ್ನು ಬಸ್ಸಿನ ಕಿಟಕಿಯಿಂದಲೂ ತೋರಿಸಲ್ಲ. ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಮನೆಯಲ್ಲೇ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗ್ರಂಥ ಲಿಪಿಯ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಕಂಡದ್ದು, 1909ರಲ್ಲಿ ಅಚ್ಚು ಹಾಕಿಸಿದ್ದು. ಲೋಕವೇ ಕೊಂಡಾಡಿತು. ಕೊಂಡಾಡಲಿ. ಆದರೆ ಕೋಟೆ ಕಟ್ಟಿ ಊರು ಹೂಡುವ ವಿಧಿಯಲ್ಲೇ ಆ ಪುಸ್ತಕ ಚಂಡಾಲರ ವಾಸವನ್ನು ಸುಡುಗಾಡಿನಂಚಿಗೆ ತಳ್ಳಿದೆ ಅಂತ ಯಾವ ಮೇಷ್ಟ್ರೂ ನಮಗೆ ಬಾಯಿಬಿಟ್ಟು ಹೇಳಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ‘ಬೂಸಾ’ ಎಂದದ್ದಕ್ಕೆ ಬೀದಿಗಿಳಿದು ನಮ್ಮ ಹುಡುಗರನ್ನು ಬಡಿದವರಿಗೆ ಈ ಮಾತಿಗೆ ಯಾಕೆ ರಕ್ತ ಕುದಿಯಲಿಲ್ಲ?

ನಮ್ಮಲ್ಲೇ ಕೆಲವರು, ಸುಟ್ಟುಬಿಡೋಣ ಅಂತಾರೆ. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು, ನಿಜ. ಅದಕ್ಕೂ ಮುಂಚೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಓದುಮನೆಯಲ್ಲಿ ಅರೆಹೊಟ್ಟೆಯಲ್ಲಿ ಕೂತು ಓದಿದ್ದರು.

ಮೈಸೂರಿನ ಓದುಮನೆಯೂ ಯಾರಪ್ಪನ ಮನೆ ಆಸ್ತಿಯಲ್ಲ. ಮುಂದಿನ ಸಲ ಹೋದಾಗ ಅರಮನೆ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರೋದು ಬೇಡ. ಒಳಗೆ ಹೋಗೋಣ. ಅಚ್ಚಾದ ಅರ್ಥಶಾಸ್ತ್ರ ಕೇಳೋಣ. ಎರಡನೇ ಅಧಿಕರಣ, ನಾಲ್ಕನೇ ಅಧ್ಯಾಯ.