ಚಳಿಗಾಲದ ಸೈಕಲ್ ಬೂಟು: ನಾಲ್ಕು ತಾಲ್ಲೂಕಿಗೆ ಒಂದೇ ಸರಕು ಸಲ್ಲದು

ದೀಪಾವಳಿಯ ವ್ಯಾಪಾರ ಮುಗಿದು ಧನುರ್ಮಾಸ ಸಮೀಪಿಸಿದಂತೆ ಪಾದರಕ್ಷೆಯ ಅಂಗಡಿಗಳಲ್ಲಿ ಗಿರಾಕಿಗಳು ವಿರಳವಾಗುವುದು ವಾಡಿಕೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಶಾಲೆಯ ಬೂಟಿನ ಖರೀದಿ ಜೂನ್ ತಿಂಗಳಿನಲ್ಲೇ ತೀರಿರುತ್ತದೆ. ಈ ಬಿಡುವಿನ ದಿನಗಳಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ಪೇಟೆಗಳ ವರ್ತಕರು ಗಮನಿಸಬೇಕಾದ ಬೇಡಿಕೆಯೊಂದಿದೆ. ದಪ್ಪ ಟೈರಿನ, ಗೇರುಗಳುಳ್ಳ ಮೌಂಟನ್ ಬೈಕ್ ಮಾದರಿಯ ಸೈಕಲ್ಲನ್ನೇರಿ ನಸುಕಿನಲ್ಲಿ ಹೊರಡುವವರಿಗೆ ಬೆಚ್ಚಗಿರುವ, ನೀರು ತಡೆಯುವ, ಪೆಡಲಿನ ಮೇಲೆ ಜಾರದ ಬೂಟು ಬೇಕು. ಅವರ ಮುಂದೆ ಸಾಮಾನ್ಯವಾಗಿ ಇಡಲಾಗುವ ಸರಕು ಎರಡೇ: ಒಂದು ಗದ್ದೆಯ ಗಂಬೂಟು, ಇನ್ನೊಂದು ಓಟದ ಜಾಲರಿ ಬೂಟು. ಮೊದಲನೆಯದರಲ್ಲಿ ಪಾದ ತನ್ನ ಬೆವರಿನಿಂದಲೇ ನೆನೆಯುತ್ತದೆ. ಎರಡನೆಯದರಲ್ಲಿ ಗಾಳಿಯೂ ನೀರೂ ನೇರವಾಗಿ ಒಳನುಗ್ಗುತ್ತವೆ. ಗಿರಾಕಿ ಬರಿಗೈಯಲ್ಲಿ ಮರಳಿ ಮೊಬೈಲಿನ ಮೂಲಕ ತರಿಸಿಕೊಳ್ಳುತ್ತಾನೆ, ವರ್ತಕ ಆನ್‌ಲೈನ್ ವ್ಯಾಪಾರವನ್ನು ದೂರುತ್ತಾನೆ. ದೂರಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಂಗಡಿಯ ಕಪಾಟಿನಲ್ಲಿಯೇ ಇದೆ.

ಇದು ಬೆಂಗಳೂರಿನ ಹವ್ಯಾಸಿಗಳ ವಿಷಯವೆಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ಗದಗದಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ನಡೆದದ್ದು ಉತ್ತರ ಕರ್ನಾಟಕದ ಬಯಲು ನಾಡಿನಲ್ಲಿಯೂ ಈ ಕ್ರೀಡೆ ಬೇರೂರುತ್ತಿರುವುದರ ಕುರುಹು. ಆದರೆ ವ್ಯಾಪಾರದ ದೃಷ್ಟಿಯಿಂದ ಸ್ಪರ್ಧಾಳುಗಳಿಗಿಂತ ಮುಖ್ಯರಾದವರು ಬೇರೆ ಇದ್ದಾರೆ. ಡೇರಿಗೆ ಹಾಲು ಒಯ್ಯುವವನು, ಪತ್ರಿಕೆ ಹಂಚುವ ಹುಡುಗ, ತೋಟಕ್ಕೆ ನೀರು ತಿರುವಲು ಹೋಗುವ ಯುವಕ, ಹಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿ: ಇವರೆಲ್ಲರ ಸವಾರಿಯೂ ಇಬ್ಬನಿ, ಕೆಸರು, ಕಲ್ಲುಹಾದಿಗಳ ನಡುವೆಯೇ. ಎಂಟು ಗಂಟೆಗೆ ಮೊದಲು ಒದ್ದೆಯಾದ ಬೂಟಿನಲ್ಲಿ ಸಂಜೆಯವರೆಗೆ ಕುಳಿತುಕೊಳ್ಳಬೇಕಾದ ವಿದ್ಯಾರ್ಥಿಯ ಬೆರಳುಸಂದಿಗಳು ಬೆಳ್ಳಗೆ ಬಿರಿದು ನವೆಯಾಗುವುದು ಯಾವ ತಾಯಿಗೂ ಹೊಸ ಸಂಗತಿಯಲ್ಲ.

ಆಯ್ಕೆಯ ಮೊದಲ ಮಾತು ಅಟ್ಟೆಯದು. ಬೂಟನ್ನು ಬಿಗಿದು ಹಿಡಿಯುವ ಕೊಂಡಿಯ ಪೆಡಲುಗಳು ಸ್ಪರ್ಧಾಳುಗಳಿಗೆ ಸರಿ. ನಮ್ಮ ಸವಾರ ಬಳಸುವುದು ಚಪ್ಪಟೆ ಪೆಡಲು. ಅಲ್ಲಿ ಪಾದವನ್ನು ಹಿಡಿದಿಡುವುದು ಅಟ್ಟೆಯ ರಬ್ಬರು ಮತ್ತು ಪೆಡಲಿನ ಮೇಲಿನ ಸಣ್ಣ ಮೊಳೆಗಳು, ಇವೆರಡೇ. ರಬ್ಬರು ಮೆದುವಾಗಿದ್ದರೆ ಮೊಳೆ ಅದರೊಳಗೆ ಕೊಂಚ ಇಳಿದು ಕಚ್ಚಿಕೊಳ್ಳುತ್ತದೆ. ಆಳವಾದ ಹಲ್ಲುಗಳುಳ್ಳ ಚಾರಣದ ಬೂಟು ನೋಡಲು ಗಟ್ಟಿಮುಟ್ಟಾಗಿ ಕಂಡರೂ ಪೆಡಲಿನ ಮೇಲೆ ಅಲ್ಲೊಂದು ಇಲ್ಲೊಂದು ಹಲ್ಲು ಮಾತ್ರ ತಾಗುವುದರಿಂದ ಹಿಡಿತ ಕಡಿಮೆ. ಹೆಬ್ಬೆರಳಿನ ಬುಡದಡಿ ಅಟ್ಟೆ ಸಮತಟ್ಟಾಗಿ, ಗೆರೆಗಳು ತೆಳುವಾಗಿ ಇರಬೇಕು. ನಡುಪಾದದಲ್ಲಿ ಮಾತ್ರ ಬಾಗದಷ್ಟು ಗಡುಸು ಬೇಕು. ಇಲ್ಲವಾದರೆ ಪೆಡಲಿನ ಅಂಚು ಪಾದಕ್ಕೆ ಒತ್ತಿ ಐದಾರು ಮೈಲಿಯಲ್ಲೇ ನೋವು ಆರಂಭವಾಗುತ್ತದೆ. ಅಗ್ಗದ ಪಿ.ವಿ.ಸಿ. ಅಟ್ಟೆ ಇಲ್ಲಿ ಸಂಪೂರ್ಣ ಸೋಲುತ್ತದೆ, ಏಕೆಂದರೆ ಅದು ತಂಪಿನಲ್ಲಿ ಗಡುಸಾಗುತ್ತದೆ ಮತ್ತು ಒದ್ದೆ ಲೋಹದ ಮೇಲೆ ಸಾಬೂನಿನಂತೆ ಜಾರುತ್ತದೆ. ಹೆಬ್ಬೆರಳಿನ ಉಗುರನ್ನು ಅಟ್ಟೆಗೆ ಒತ್ತಿ ನೋಡಿದರೆ ಗುರುತು ಮೂಡುತ್ತದೆಯೇ ಇಲ್ಲವೇ ಎಂಬುದರಿಂದಲೇ ಅನುಭವಿ ವರ್ತಕ ಅರ್ಧ ತೀರ್ಮಾನಕ್ಕೆ ಬರಬಹುದು.

ಜಗತ್ತಿನಲ್ಲಿ ಈ ಬಗೆಯ ಬೂಟಿಗೆ ಹೆಸರಾದ ಫೈವ್ ಟೆನ್ ಸಂಸ್ಥೆ 1985ರಲ್ಲಿ ಅಮೆರಿಕದಲ್ಲಿ ಬಂಡೆ ಏರುವವರಿಗಾಗಿ ಹುಟ್ಟಿದ್ದು. ಬಂಡೆಗೆ ಅಂಟುವ ರಬ್ಬರೇ ಮುಂದೆ ಪೆಡಲಿಗೂ ಒದಗಿತು. 2011ರಲ್ಲಿ ಅದನ್ನು ಅಡಿಡಾಸ್ ಕೊಂಡುಕೊಂಡಿತು. ಅದರ ಬೆಲೆ ನಮ್ಮ ಪೇಟೆಗೆ ಎಟುಕುವಂಥದ್ದಲ್ಲ. ಆದರೆ ತತ್ತ್ವ ಎಟುಕುತ್ತದೆ. ಶಾಲೆಯ ವ್ಯಾಯಾಮಕ್ಕೆ ಕೊಳ್ಳುವ ಬಿಳಿ ಕ್ಯಾನ್ವಾಸ್ ಬೂಟಿನ ಸಮತಟ್ಟು ರಬ್ಬರು ಅಟ್ಟೆಯು, ವಿಚಿತ್ರವೆನಿಸಿದರೂ, ಹಲವು ದುಬಾರಿ ಓಟದ ಬೂಟುಗಳಿಗಿಂತ ಚೆನ್ನಾಗಿ ಪೆಡಲನ್ನು ಹಿಡಿಯುತ್ತದೆ. ಅದರ ದೋಷವೆಲ್ಲ ಮೇಲಿನ ಬಟ್ಟೆಯದು. ಅಂದರೆ ಬೇಕಾದ ಬೂಟಿನ ಕೆಳಗಿನ ಅರ್ಧ ಈಗಾಗಲೇ ಎಲ್ಲ ಅಂಗಡಿಗಳಲ್ಲೂ ಇದೆ.

ಎರಡನೆಯ ವಿಷಯ ನೀರು. ‘ವಾಟರ್‌ಪ್ರೂಫ್’ ಎಂಬ ಚೀಟಿ ಅಂಟಿಸಿ ಮಾರಲಾಗುವ ಎಷ್ಟೋ ಬೂಟುಗಳು ತುಂತುರನ್ನು ತಡೆದಾವು, ಹಳ್ಳ ದಾಟಿದರೆ ಸೋರುತ್ತವೆ. ನೀರನ್ನು ಸ್ವಲ್ಪ ಹೊತ್ತು ತಡೆಯುವುದು ಬೇರೆ, ನೀರನ್ನು ಒಳಬಿಡದಿರುವುದು ಬೇರೆ. ಈ ಭೇದವನ್ನು ಗಿರಾಕಿಗೆ ಮೊದಲೇ ಹೇಳುವ ವರ್ತಕನ ಬಳಿ ಬೂಟು ಹಿಂತಿರುಗಿ ಬರುವ ಪ್ರಸಂಗ ಕಡಿಮೆ. 1969ರಲ್ಲಿ ಬಾಬ್ ಗೋರ್ ಅವರು ಪಿ.ಟಿ.ಎಫ್.ಇ. ಎಂಬ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಸೂಕ್ಷ್ಮರಂಧ್ರಗಳ ಪೊರೆಯನ್ನಾಗಿಸಿದರು. ಅದರಿಂದ ಬಂದ ಗೋರ್‌ಟೆಕ್ಸ್ ಹನಿಯನ್ನು ತಡೆದು ಆವಿಯನ್ನು ಹೊರಬಿಡುತ್ತದೆ. ಆದರೆ ಬೂಟಿನ ಒಳಗೂ ಹೊರಗೂ ತಾಪದ ಅಂತರ ಹೆಚ್ಚಿದ್ದಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಚಳಿಗಾಲದ ನಸುಕು 15 ಡಿಗ್ರಿಯ ಆಸುಪಾಸು ಇದ್ದು, ಹತ್ತು ಗಂಟೆಗೆ ಬಿಸಿಲು ಸುಡುತ್ತದೆ. ಹಿಮದ ನಾಡಿಗೆ ಮಾಡಿದ ದಪ್ಪ ಅಸ್ತರಿನ ಬೂಟು ಇಲ್ಲಿ ಹಣಕ್ಕೂ ದಂಡ, ಪಾದಕ್ಕೂ ದಂಡ.

ಇಲ್ಲಿಗೆ ತಕ್ಕದ್ದು ಲೇಪನವುಳ್ಳ ಗಟ್ಟಿ ಬಟ್ಟೆ ಅಥವಾ ಎಣ್ಣೆಯುಣಿಸಿದ ಚರ್ಮದ ಮೇಲ್ಭಾಗ, ಬದಿಗೆ ಹೊಲಿದು ಮುಚ್ಚಿದ ನಾಲಗೆ, ಬೆರಳುಗಳ ಸುತ್ತ ಅರ್ಧ ಅಂಗುಲ ಮೇಲೇರಿದ ರಬ್ಬರು ಪಟ್ಟಿ. ಬಹುಪಾಲು ನೀರು ಬರುವುದು ನಾಲಗೆಯ ಅಕ್ಕಪಕ್ಕದ ಸಂದಿಯಿಂದ ಮತ್ತು ಅಟ್ಟೆ ಕೂಡುವ ಜಾಗದ ಹೊಲಿಗೆಯ ತೂತುಗಳಿಂದ. ಸಗಟು ಖರೀದಿಗೆ ಮುನ್ನ ಮಾದರಿಯೊಂದರ ಒಳಗೆ ಹಳೆಯ ಪತ್ರಿಕೆ ತುರುಕಿ, ಬೂಟಿನ ನಡುಮಟ್ಟಕ್ಕೆ ನೀರಿರುವ ಬಕೀಟಿನಲ್ಲಿ ಕಾಲು ಗಂಟೆ ನಿಲ್ಲಿಸಿದರೆ ಕಾಗದವೇ ಸಾಕ್ಷಿ ಹೇಳುತ್ತದೆ. ಮರುದಿನ ಅದು ಎಷ್ಟು ಹೊತ್ತಿಗೆ ಒಣಗಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. ರಾತ್ರಿಯೊಳಗೆ ಒಣಗದ ಬೂಟು ಎಷ್ಟು ನೀರು ತಡೆದರೂ ಪ್ರಯೋಜನವಿಲ್ಲ.

ಬೆಚ್ಚಗಿಡುವುದರಲ್ಲಿ ಬೂಟಿಗಿಂತ ಕಾಲುಚೀಲದ ಪಾಲು ದೊಡ್ಡದು. ಹತ್ತಿಯ ಕಾಲುಚೀಲ ಒದ್ದೆಯಾದರೆ ಶೀತವನ್ನು ಹಿಡಿದಿಡುತ್ತದೆ. ಉಣ್ಣೆ ಬೆರೆತದ್ದು ತೇವದಲ್ಲೂ ಕೊಂಚ ಬಿಸುಪು ಉಳಿಸುತ್ತದೆ. ದಪ್ಪ ಕಾಲುಚೀಲಕ್ಕೆ ಎಡೆಯಿಲ್ಲದ ಬಿಗಿಯಾದ ಬೂಟಿನಲ್ಲಿ ರಕ್ತಸಂಚಾರ ಕುಗ್ಗಿ ಬೆರಳುಗಳು ಮತ್ತಷ್ಟು ಮರಗಟ್ಟುತ್ತವೆ. ಆದುದರಿಂದ ಅರ್ಧ ಅಳತೆ ದೊಡ್ಡದನ್ನು ಕಾಲುಚೀಲ ತೊಡಿಸಿಯೇ ಅಳೆದು ಕೊಡುವುದು ಯೋಗ್ಯ. ಬೂಟಿನ ಜೊತೆ ಎರಡು ಜೋಡಿ ಉಣ್ಣೆಯ ಕಾಲುಚೀಲ ಮಾರುವ ವರ್ತಕನಿಗೆ ಅದರಲ್ಲೂ ಒಂದಿಷ್ಟು ಲಾಭ.

ಇನ್ನು ಮುಖ್ಯ ವಿಚಾರಕ್ಕೆ ಬರಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಆಡಳಿತ ಒಂದಾದರೂ ನೆಲವೂ ಹವೆಯೂ ಒಂದಾಗಲಿಲ್ಲ. ಆದರೂ ದಾವಣಗೆರೆಯ ಸಗಟು ಪೇಟೆಯಿಂದ ನಾಲ್ಕೂ ಕಡೆಗೆ ಹೋಗುವ ಪೆಟ್ಟಿಗೆಗಳಲ್ಲಿ ಒಂದೇ ಮಾದರಿ ತುಂಬಿರುತ್ತದೆ. ಚನ್ನಗಿರಿಯಲ್ಲಿ ಅಡಿಕೆ ತೋಟದ ತೇವ, ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರದ ಸುತ್ತಲ ಗದ್ದೆ, ಭದ್ರಾ ನಾಲೆಯ ಬದಿಯ ಹಸಿ ಹಾದಿ. ಅಲ್ಲಿ ನೀರು ತಡೆಯುವ ಗುಣಕ್ಕೇ ಬೆಲೆ. ಹೊನ್ನಾಳಿಯ ತುಂಗಭದ್ರಾ ದಂಡೆಯಲ್ಲಿ ಎರೆಮಣ್ಣು ಶತ್ರು: ಮೇಲಿನ ಬಟ್ಟೆ ಚೆನ್ನಾಗಿದ್ದರೂ ಅಟ್ಟೆಯ ಗೆರೆಗಳಲ್ಲಿ ಮಣ್ಣು ಮೆತ್ತಿಕೊಂಡರೆ ಸೈಕಲ್ ಸವಾರನಿಗೆ ಪೆಡಲೂ ಇಲ್ಲ, ಹಿಡಿತವೂ ಇಲ್ಲ. ಅಲ್ಲಿಗೆ ತೆಳು ಗೆರೆಯ, ಒಂದೇ ಒದರಿಗೆ ಮಣ್ಣು ಬಿಡುವ ಅಟ್ಟೆ ಬೇಕು. ಮಲೆನಾಡಿಗೆ ಮಗ್ಗುಲಾದ ನ್ಯಾಮತಿಯಲ್ಲಿ ಏರಿಳಿತದ ದಾರಿ ಹೆಚ್ಚು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರದಂತೆ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಬೂಟು ಬೇಕು.

ಜಗಳೂರಿನ ಲೆಕ್ಕವೇ ಬೇರೆ. ಮಳೆ ಕಡಿಮೆ, ನೆಲ ಒಣ. ಆದರೆ ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣಿಯುವುದರಿಂದ ಬಯಲಿನ ಗಾಳಿ ನಸುಕಿನಲ್ಲಿ ಕೊರೆಯುತ್ತದೆ. ಅಲ್ಲಿ ನೀರು ತಡೆಯುವ ಲೇಪನಕ್ಕೆ ಹೆಚ್ಚು ಹಣ ಕೊಡಿಸುವುದು ಗಿರಾಕಿಗೆ ನಷ್ಟ. ಗಾಳಿ ನುಗ್ಗದ ಮೇಲ್ಭಾಗ ಮತ್ತು ಬಳ್ಳಾರಿ ಜಾಲಿಯ ಮುಳ್ಳು ತೂರದ ದಪ್ಪ ಅಟ್ಟೆ ಅಲ್ಲಿನ ಅಗತ್ಯ. ಕೊಂಡುಕುರಿಗಳಿಗೆ ಹೆಸರಾದ ರಂಗಯ್ಯನದುರ್ಗದ ವನ್ಯಧಾಮದ ಅಂಚಿನ ಕುರುಚಲು ಹಾದಿಯಲ್ಲಿ ಸಾಗಿದವರಿಗೆ ಮುಳ್ಳಿನ ವಿಷಯ ವಿವರಿಸಿ ಹೇಳಬೇಕಾಗಿಲ್ಲ.

ದರದ ವಿಚಾರದಲ್ಲಿ ಪರಿಸ್ಥಿತಿ ಈಗ ಅನುಕೂಲಕರವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಯ ಮೇಲೆ ಶೇ. 5ರಷ್ಟು ಜಿ.ಎಸ್.ಟಿ.; ಅದಕ್ಕೆ ಮೊದಲು 1,000 ರೂಪಾಯಿ ದಾಟಿದ ಕೂಡಲೇ ಶೇ. 18 ಬೀಳುತ್ತಿತ್ತು. ಸೈಕಲ್ಲಿನ ಮೇಲಿನ ತೆರಿಗೆಯೂ ಶೇ. 12ರಿಂದ 5ಕ್ಕೆ ಇಳಿದಿದೆ. ಒಳ್ಳೆಯ ರಬ್ಬರು, ಒಳ್ಳೆಯ ಹೊಲಿಗೆಯ ಬೂಟು 1,000 ರೂಪಾಯಿಯ ಒಳಗೆ ದೊರೆಯುವುದು ಕಷ್ಟವಾದ್ದರಿಂದ, ಹಿಂದೆ ಗುಣಮಟ್ಟಕ್ಕೇ ದಂಡ ಕಟ್ಟಿದಂತಾಗುತ್ತಿತ್ತು. ಆ ನೆಪ ಈಗಿಲ್ಲ.

ದಾಸ್ತಾನಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಪಾಲಿಯುರೆಥೇನ್ ಅಟ್ಟೆಯ ಬೂಟುಗಳು ಬಳಸದೆ ಪೆಟ್ಟಿಗೆಯಲ್ಲಿ ಇಟ್ಟರೂ ಗಾಳಿಯ ತೇವದಿಂದಲೇ ಒಳಗೊಳಗೆ ಕೊಳೆಯುತ್ತವೆ. ನಾಲ್ಕೈದು ವರ್ಷ ಹಳೆಯ ಸರಕನ್ನು ರಿಯಾಯಿತಿಯಲ್ಲಿ ಕೊಂಡ ಗಿರಾಕಿ ವಾರದೊಳಗೆ ಅಟ್ಟೆಯನ್ನು ಪುಡಿಪುಡಿಯಾಗಿ ಕೈಯಲ್ಲಿ ಹಿಡಿದು ಬಂದರೆ ಅದು ಅವನ ಬಳಕೆಯ ತಪ್ಪಲ್ಲ. ತಯಾರಿಕೆಯ ತಿಂಗಳು ನೋಡಿಯೇ ಪೆಟ್ಟಿಗೆ ಇಳಿಸಿಕೊಳ್ಳಬೇಕು. ನೆಲಮಾಳಿಗೆಯ ತೇವದಲ್ಲಿ ಪಾದರಕ್ಷೆ ಪೇರಿಸಬಾರದು.

ಇಷ್ಟು ಬಗೆಯ ಸರಕನ್ನು ಎಲ್ಲ ಅಳತೆಗಳಲ್ಲಿ ತರಿಸಿದರೆ ಬಂಡವಾಳ ಸಿಲುಕಿಕೊಳ್ಳುವುದೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಸಣ್ಣ ಪೇಟೆಯ ಒಂಟಿ ಅಂಗಡಿಗೆ ಅದು ಭಾರ. ಆದರೆ ಚನ್ನಗಿರಿ ಮತ್ತು ಹೊನ್ನಾಳಿಯ ಇಬ್ಬರು, ನ್ಯಾಮತಿ ಮತ್ತು ಜಗಳೂರಿನ ತಲಾ ಒಬ್ಬರು ಸೇರಿ ಒಂದೇ ಬೇಡಿಕೆ ಪಟ್ಟಿ ಬರೆದು, ಪ್ರತಿಯೊಬ್ಬರೂ ತಮ್ಮ ನೆಲಕ್ಕೆ ತಕ್ಕ ಮಾದರಿಯನ್ನು ಹೆಚ್ಚಾಗಿಯೂ ಉಳಿದವನ್ನು ಒಂದೊಂದು ಜೋಡಿಯಾಗಿಯೂ ಇಟ್ಟುಕೊಂಡರೆ, ಇಲ್ಲದ ಅಳತೆಯನ್ನು ಮರುದಿನದ ಬಸ್ಸಿನಲ್ಲಿ ತರಿಸಿಕೊಡಬಹುದು. ಆನ್‌ಲೈನ್ ಸಂಸ್ಥೆಗಿಂತ ಅದು ಶೀಘ್ರ, ಕಾಲಿಗೆ ಹಾಕಿ ನೋಡುವ ಅವಕಾಶವೂ ಉಂಟು.

ತಯಾರಕರ ಪಾಲಿಗೂ ಇಲ್ಲಿ ಕೆಲಸವಿದೆ. 1976ರಲ್ಲಿ ಸ್ಥಾಪಿತವಾದ ಸರ್ಕಾರಿ ಚರ್ಮೋದ್ಯಮ ನಿಗಮ ಲಿಡ್‌ಕರ್‌ನ ಹೆಸರು ಚರ್ಮಕುಶಲಿಗಳಿಗೆಲ್ಲ ಪರಿಚಿತ. ನಮ್ಮ ಪೇಟೆಗಳಲ್ಲಿಯೂ ಕೈಚಳಕವುಳ್ಳ ಮನೆತನಗಳಿವೆ. ಕ್ಯಾನ್ವಾಸ್ ಬೂಟಿನ ಸಮತಟ್ಟು ರಬ್ಬರು ಅಟ್ಟೆಗೆ ಎಣ್ಣೆಯುಣಿಸಿದ ಚರ್ಮದ ಮೇಲ್ಭಾಗ ಕೂಡಿಸಿ, ನಾಲಗೆಯ ಎರಡೂ ಬದಿ ಹೊಲಿದು ಮುಚ್ಚುವುದಕ್ಕೆ ದೊಡ್ಡ ಯಂತ್ರ ಬೇಡ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಪಾದರಕ್ಷೆಯ ಗುಣಮಟ್ಟ ನಿಯಂತ್ರಣ ಆದೇಶ ತಮ್ಮ ಘಟಕಕ್ಕೆ ಹೇಗೆ ಅನ್ವಯಿಸುತ್ತದೆಂದು ಭಾರತೀಯ ಮಾನಕ ಬ್ಯೂರೋದಲ್ಲಿ ವಿಚಾರಿಸಿಕೊಂಡು ಇಪ್ಪತ್ತು ಜೋಡಿಯ ಮಾದರಿಯಿಂದ ಆರಂಭಿಸಬಹುದು. ಸವೆದ ಅಟ್ಟೆಯನ್ನು ಬದಲಿಸಿಕೊಡುವ ಮಾತನ್ನು ಮಾರಾಟದ ಜೊತೆಗೇ ಕೊಟ್ಟರೆ ಆ ಬೂಟು ಎರಡು ಚಳಿಗಾಲ ಬಾಳುತ್ತದೆ. ಬೇಡಿಕೆ ಪಟ್ಟಿ ಆಗಸ್ಟ್ ತಿಂಗಳಿನಲ್ಲಿ ಹೊರಟರೆ ಸರಕು ನವೆಂಬರಿಗೆ ಮುನ್ನ ಕಪಾಟು ಸೇರುತ್ತದೆ.