ಬಡಗಿಯ ಕೈ ಮತ್ತು ಕಿಟಕಿಯ ಗಾಜು

ನಿಮ್ಮ ಮನೆಯ ಕಿಟಕಿಯನ್ನೊಮ್ಮೆ ನೋಡಿ. ಹಳೆಯ ಮನೆಯಾದರೆ ಮರದ ಚೌಕಟ್ಟು, ಅದರಲ್ಲಿ ಗಾಜು, ಅಂಚಿಗೆ ತೆಳುವಾದ ಮರದ ಪಟ್ಟಿ, ಇಲ್ಲವೇ ಸೀಮೆಸುಣ್ಣದ ಪುಡಿಗೆ ಅಗಸೆಯೆಣ್ಣೆ ಕಲಸಿ ಮೆತ್ತಿದ ಪುಟ್ಟಿ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಅದನ್ನು ಕೂಡಿಸಿದವನು ಊರಿನ ಬಡಗಿ.

ಇಂದು ಮನೆ ದುರಸ್ತಿಯೆಂದರೆ ಮೊದಲು ಕಿತ್ತೊಗೆಯುವುದು ಈ ಕಿಟಕಿಯನ್ನೇ. ಅದರ ಜಾಗಕ್ಕೆ ಜಾರುವ ಅಲ್ಯೂಮಿನಿಯಂ ಕಿಟಕಿ ಬರುತ್ತದೆ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಮಳೆಗಾಲದಲ್ಲಿ ಅದು ಉಬ್ಬುವುದಿಲ್ಲ ಎನ್ನುತ್ತಾರೆ. ನಿಜವೇ. ನಾನು ಯಂತ್ರದ ವೈರಿಯಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಡೊಂಕಿಲ್ಲದ ಗಾಜು ಬಡವರ ಮನೆಗೂ ಬಂದದ್ದು ಅದರಿಂದಲೇ.

ಆದರೆ ಗಾಜನ್ನು ತಯಾರಿಸುವುದು ಒಂದು ಕೆಲಸ, ಕೂಡಿಸುವುದು ಇನ್ನೊಂದು. ಮಕ್ಕಳ ಚೆಂಡು ತಗಲಿ ಗಾಜು ಒಡೆಯಿತೆನ್ನಿ. ಮರದ ಕಿಟಕಿಯಾದರೆ ಬಡಗಿ ಪಟ್ಟಿ ಬಿಚ್ಚಿ, ಅಳತೆಗೆ ಗಾಜು ಕೊಯ್ದು, ಮಧ್ಯಾಹ್ನದ ಊಟದೊಳಗೆ ಕೂಡಿಸಿ ಹೋಗುತ್ತಾನೆ. ಹೊಸ ಕಿಟಕಿಯಾದರೆ ಬಾಗಿಲನ್ನೇ ಕಳಚಬೇಕು, ಅದೇ ಅಳತೆಯ ರಬ್ಬರು ಹುಡುಕಬೇಕು. ಆ ಮಾದರಿ ನಿಂತುಹೋಗಿದ್ದರೆ ಇಡೀ ಕಿಟಕಿ ಗುಜರಿಗೆ. ಇಷ್ಟಾಗಿಯೂ ಎರಡು ಬಾಗಿಲಿನ ಜಾರುಕಿಟಕಿ ತೆರೆಯುವುದು ಅರ್ಧ ಮಾತ್ರ. ಗಾಳಿಗೆಂದು ಮಾಡಿದ ಕಿಂಡಿಗೆ ಇದೆಂಥ ಸುಧಾರಣೆ?

ದೇವಾಲಯಗಳಲ್ಲಿ ಇನ್ನೂ ದೊಡ್ಡ ತಪ್ಪು ನಡೆಯುತ್ತಿದೆ. ಸಂತರ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿಗೆ ಅಂಟಿಸಿ ಬಣ್ಣದ ಗಾಜು ಎನ್ನುತ್ತೇವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಿ ನೋಡಿ. ಬಣ್ಣದ ಗಾಜಿನ ಕಸುಬಿನಲ್ಲಿ ಲೋಹದ ಭಸ್ಮಗಳು ಗಾಜಿನೊಡನೆಯೇ ಕರಗಿ ಬಣ್ಣವಾಗುತ್ತವೆ. ಮುಖ, ಮಡಿಕೆಗಳ ಗೆರೆಗಳನ್ನು ಬರೆದು ಕುಲುಮೆಯಲ್ಲಿ ಸುಡುತ್ತಾರೆ. ತುಂಡುಗಳನ್ನು ಸೀಸದ ಪಟ್ಟಿಗಳಿಂದ ಹೆಣೆಯುತ್ತಾರೆ. ಅಂಥ ಬಣ್ಣ ತಲೆಮಾರುಗಳನ್ನು ದಾಟುತ್ತದೆ. ಅಂಟಿಸಿದ ಹಾಳೆ ಕೆಲವೇ ಬೇಸಗೆಗಳಲ್ಲಿ ಮಾಸುತ್ತದೆ. ಕೈಯಿಂದ ಗಾಜು ಮಾಡುವ ವಿದ್ಯೆಯನ್ನು 2023ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ನಾವೋ ಕೈಕೆಲಸವೆಂದರೆ ಮೂಗು ಮುರಿಯುತ್ತೇವೆ. ಬಣ್ಣದ ಗಾಜಿಗೆ ಹಣವಿಲ್ಲದಿದ್ದರೆ ಶುಭ್ರವಾದ ಬರಿಯ ಗಾಜೇ ಇರಲಿ; ಅದರಲ್ಲಿ ಸುಳ್ಳಿಲ್ಲ.

ಬಡಗಿಯ ಮನೆಯಲ್ಲಿ ಬೆಳೆದಾತನನ್ನು ಆರಾಧಿಸುವವರು ನಾವು. ನಮ್ಮೂರಿನ ಬಡಗಿಗೆ ಕೆಲಸವಿಲ್ಲದಂತಾದರೆ ಅವನ ಮಗ ಉಳಿ ಹಿಡಿಯುವುದಿಲ್ಲ. ಆಮೇಲೆ ನಾವು ಬಯಸಿದರೂ ದುರಸ್ತಿ ಮಾಡುವವರು ಸಿಗುವುದಿಲ್ಲ. ಆದ್ದರಿಂದ ಹೊಸ ಕಿಟಕಿಗೆ ಮುಂಗಡ ಕೊಡುವ ಮೊದಲು ಬಡಗಿಯನ್ನು ಕರೆಯಿಸಿ. ಚೌಕಟ್ಟನ್ನು ತಟ್ಟಿ ನೋಡಲು ಹೇಳಿ. ಮರ ಟೊಳ್ಳಾಗಿದ್ದರೆ ಧಾರಾಳವಾಗಿ ಬದಲಾಯಿಸಿ. ಗಟ್ಟಿಯಿದ್ದರೆ, ದಯವಿಟ್ಟು, ಅವನಿಗೊಂದು ದಿನದ ಕೂಲಿ ಕೊಡಿ.